ಆರೋಗ್ಯವಂತರ ಗುಂಪಿನಲ್ಲಿ ನಾವಿಬ್ಬರು

ಬೆಳಗಾವಿಯ ಅನಗೋಳದ ನಮ್ಮ ಮನೆಯ ಮಾಳಿಗೆಯಲ್ಲಿ ಒಂದು ಕಾಲಕ್ಕೆ ಮೂವರು ಹುಡುಗಿಯರಿದ್ದರು. ಮೂವರೂ ಸಂಶೋಧನೆ ಮಾಡುವವರು. ಮೈದುನನ ಸಂಸಾರ ಟಿಳಕವಾಡಿಗೆ ಹೋದ ಮೇಲೆ ಮೇಲಿನ ಕೋಣೆಗಳು ಖಾಲಿ ಬಿದ್ದಿದ್ದವು. ಯಾರಾದರೂ ನೌಕರಿಯವರಿಗೆ ಕೊಡೋಣ ಎಂದು ನಾನು ಅಂದರೆ ನನ್ನ ಗಂಡ ಒಪ್ಪಲಿಲ್ಲ.

"ನೌಕರಿಯವರು ಸಂಜಿಕ ದಣಕೊಂಡು ಬಂದು ಬಾಗಲಾ ಹಾಕ್ಕೊಂತಾರ. ಓದೋರಿಗೆ ಕೊಡೂಣು. ಮನ್ಯಾಗ ನಾಕು ಮಾತರ ಕೇಳತಾವು" ಎಂದರು.

ಅವರಿಗೆ ಮಾತೆಂದರೆ ಪ್ರಾಣ. ಖಾನಾಪುರದ ಒಂದು ಹೆಂಚಿನ ಕಾರ್ಖಾನೆಯಲ್ಲಿ ಹೆಂಚು ಸುಡುವ ಭಟ್ಟಿಯ ಮೇಲ್ವಿಚಾರಕರಾಗಿದ್ದರು. ಬೆಳಿಗ್ಗೆ ರೈಲು ಹಿಡಿದು ಹೋದರೆ ದಿನವಿಡೀ ಮಣ್ಣು, ಬೆಂಕಿ, ಕೆಲಸಗಾರರ ಜೊತೆ ಮರಾಠಿ. ನಾವು ಜೈನರು, ಸೂರ್ಯ ಮುಳುಗಿದ ಮೇಲೆ ಉಣ್ಣುವುದಿಲ್ಲ. ಕೆಲಸ ತಡವಾದ ದಿನ ಅವರು ದೇಸೂರ ಸ್ಟೇಷನ್ನು ಬರುವುದರೊಳಗೆ ರೈಲಿನಲ್ಲೇ ಡಬ್ಬಿ ಬಿಚ್ಚಿ ಊಟ ಮುಗಿಸುತ್ತಿದ್ದರು, ಎದುರು ಕುಳಿತವರಿಗೂ ಒಂದು ತುತ್ತು ಕೊಟ್ಟು ಅವರ ಮನೆಯ ಕಥೆಯನ್ನೆಲ್ಲ ಕೇಳಿಕೊಂಡು ಬರುತ್ತಿದ್ದರು. ನಾನು ಶಾಲೆಯಲ್ಲಿ ಮಕ್ಕಳಿಗೆ ಕನ್ನಡ ಕಲಿಸಿ ಗಂಟಲು ಒಣಗಿಸಿಕೊಂಡು ಬರುವವಳು. ಸಂಜೆ ನನಗೆ ಮೌನ ಬೇಕಾಗುತ್ತಿತ್ತು, ಅವರಿಗೆ ಮಾತು.

ಹೀಗೆ ಬಂದವರು ಆ ಮೂವರು. ಅವರ ಕೆಲಸದ ಮೇಲಿಂದಲೇ ನನ್ನ ಗಂಡ ಅವರಿಗೆ ಹೆಸರಿಟ್ಟರು. ಧಾರವಾಡ ಕಡೆಯವಳು ಖಾನಾಪುರದ ಕಾಡಿನ ಗುಹೆಯೊಂದರಲ್ಲಿ ಬಾವಲಿಗಳ ಅಭ್ಯಾಸ ಮಾಡುತ್ತಿದ್ದಳು, ಅವಳು ಬಾವಲಿಯವಳು. ವಿಜಯಪುರದವಳು ಡಾಕ್ಟರ್ ಓದು ಮುಗಿಸಿ, ವಯಸ್ಸಾದಂತೆ ಮನುಷ್ಯನ ವಾಸನೆಯ ಶಕ್ತಿ ಹೇಗೆ ಬದಲಾಗುತ್ತದೆ ಎಂದು ನೋಡುತ್ತಿದ್ದಳು, ಅವಳು ಮೂಗಿನವಳು. ನಿಪ್ಪಾಣಿಯವಳು, ಕೆಟ್ಟ ಸುದ್ದಿ ಎದುರಿಗೆ ಬಂದಾಗ ಜನ ಹೇಗೆ ನಡೆದುಕೊಳ್ಳುತ್ತಾರೆ ಎಂದು ಮನೆಮನೆಗೆ ಹೋಗಿ ಕೇಳುತ್ತಿದ್ದಳು; ಅವಳು ಪ್ರಶ್ನೆಯವಳು.

ರವಿವಾರ ಸಂಜೆ ಮೂವರೂ ಕೆಳಗೆ ನಮ್ಮ ಜೊತೆ ಊಟಕ್ಕೆ ಬರುತ್ತಿದ್ದರು. ತಾಯಿ ಬಾವಲಿ ಸಾವಿರಾರು ಮರಿಗಳ ನಡುವೆ ತನ್ನ ಮರಿಯ ದನಿಯನ್ನೇ ಗುರುತು ಹಿಡಿಯುವುದನ್ನು ಒಬ್ಬಳು ಹೇಳಿದರೆ, ಮಲ್ಲಿಗೆ ಮೂಸಿ ಮಣ್ಣೆಂದ ಅಜ್ಜನ ಕಥೆ ಇನ್ನೊಬ್ಬಳದು. ನನ್ನ ಗಂಡ ರೊಟ್ಟಿ ಮುರಿಯುವುದನ್ನೂ ಮರೆತು ಕೇಳುತ್ತಿದ್ದರು. "ಏನ್ರವಾ ನೀವು, ಜಗತ್ತಿನ್ಯಾಗ ಒಂದನ್ನೂ ಬಿಟ್ಟಿಲ್ಲಲಾ!" ಎನ್ನುತ್ತಿದ್ದರು. ಆ ದಿನಗಳಲ್ಲಿ ನಮ್ಮ ಅಡುಗೆಮನೆಯಷ್ಟು ಗಲಾಟೆಯ ಜಾಗ ಆ ಓಣಿಯಲ್ಲಿ ಇನ್ನೊಂದಿರಲಿಲ್ಲ.

ಒಂದು ಬೆಳಿಗ್ಗೆ ಮೂಗಿನವಳು ಒಂದು ಪೆಟ್ಟಿಗೆ ಹಿಡಿದುಕೊಂಡು ಕೆಳಗೆ ಬಂದಳು. ರೋಗಿಗಳ ಗುಂಪಿನ ಜೊತೆ ಹೋಲಿಸಿ ನೋಡಲು ಅವಳಿಗೆ ಐವತ್ತು ದಾಟಿದ ಆರೋಗ್ಯವಂತರು ಬೇಕಾಗಿದ್ದರು.

"ಕಾಕಾ, ಕಾಕೂ, ನೀವಿಬ್ರೂ ನನ್ನ ಆರೋಗ್ಯವಂತರ ಗುಂಪಿನ್ಯಾಗ ಬರ್ತೀರೇನ್ರಿ? ಬರೇ ಮೂಸಿ ಹೇಳೂದ್ರಿ."

"ಆರೋಗ್ಯವಂತರು ಅಂತ ಯಾರರ ಬಾಯಿಬಿಟ್ಟು ಅಂದ್ರಲಾ, ಬಾ ಕುಂದರು" ಎಂದು ನನ್ನ ಗಂಡ ನಕ್ಕರು.

ಪೆಟ್ಟಿಗೆಯಲ್ಲಿ ಸಣ್ಣ ಸಣ್ಣ ಬಾಟಲಿಗಳಿದ್ದವು. ಕಣ್ಣು ಮುಚ್ಚಿ ಮೂಸಬೇಕು, ಅವಳು ಹೇಳುವ ನಾಲ್ಕು ಹೆಸರುಗಳಲ್ಲಿ ಒಂದನ್ನು ಆರಿಸಬೇಕು. ನನಗೆ ಕಾಫಿ, ಮಲ್ಲಿಗೆ, ಸಾಬೂನು ಎಲ್ಲ ಸಲೀಸಾಗಿ ತಿಳಿದವು. ಆಮೇಲೆ ಅವರ ಸರದಿ. ಮೊದಲ ಬಾಟಲಿಗೇ ಅವರು ತಮಾಷೆ ಶುರು ಮಾಡಿದರು. ಕಾಫಿಗೆ ಸಾಬೂನು ಎಂದರು. ಮಲ್ಲಿಗೆಗೆ ಮೆಣಸಿನಕಾಯಿ ಎಂದರು. ನಾನು ಬಿದ್ದು ಬಿದ್ದು ನಕ್ಕೆ. ಹುಡುಗಿಯೂ ನಕ್ಕಳು. ಆಮೇಲೆ ಅವಳು ಸೀಮೆಎಣ್ಣೆಯ ಬಾಟಲಿ ತೆಗೆದಳು. ಮುಚ್ಚಳ ಬಿಚ್ಚಿದ ಕೂಡಲೇ ಈ ಕಡೆ ಕುಳಿತ ನನಗೇ ವಾಸನೆ ಬಡಿಯಿತು. ಅವರು ಬಾಟಲಿಯನ್ನು ಮೂಗಿನ ಹತ್ತಿರ ಹಿಡಿದು ತುಸು ಹೊತ್ತು ಕುಳಿತರು.

"ಬಾಳೆಹಣ್ಣು" ಎಂದರು. ಈ ಸಲ ದನಿಯಲ್ಲಿ ತಮಾಷೆ ಇರಲಿಲ್ಲ.

ಹುಡುಗಿಯ ಮುಖದ ಮೇಲಿನ ನಗು ಹಾಗೇ ನಿಂತಿತು. "ಕಾಕಾ, ಈಗೀಗ ನೆಗಡಿ ಆಗಿತ್ತೇನ್ರಿ?"

"ಭಟ್ಟಿ ಹೊಗ್ಯಾಗ ನಿಂತ ಮೂಗ ಅದು. ಸತ್ತ ಹೋಗಿರಬೇಕು."

ಅವಳು ಎಲ್ಲ ಬಾಟಲಿಗಳನ್ನು ಮುಗಿಸಿದಳು. ಆಮೇಲೆ, ಅವಳ ಪರೀಕ್ಷೆಯ ಪಟ್ಟಿಯಲ್ಲಿ ಇದೆಯೋ ಇಲ್ಲವೋ ಗೊತ್ತಿಲ್ಲ, ಪಡಸಾಲೆಯ ಆ ತುದಿಯವರೆಗೆ ನಡೆದು ಬರ್ರಿ ಎಂದಳು. ಅವರು ನಡೆದರು. ಅವಳ ಕಣ್ಣು ಅವರ ಕಾಲಿನ ಮೇಲಿರಲಿಲ್ಲ, ಬಲಗೈ ಮೇಲಿತ್ತು. ನಾನೂ ಅತ್ತ ನೋಡಿದೆ. ಎಡಗೈ ಬೀಸುತ್ತಿತ್ತು. ಬಲಗೈ ಮೈಗೆ ಅಂಟಿಕೊಂಡು ತೂಗುಬಿದ್ದಿತ್ತು, ಯಾರದೋ ಕೈಯನ್ನು ಅವರು ಹೊತ್ತುಕೊಂಡು ನಡೆದ ಹಾಗೆ. ಅವತ್ತು ಅವಳು ಚಹಾ ಬೇಡವೆಂದು ಮೇಲೆ ಹೋದಳು.

ಅಂದಿನಿಂದ ನಾನು ನೋಡತೊಡಗಿದೆ. ನೋಡಬಾರದು ಎಂದುಕೊಂಡಷ್ಟೂ ಕಣ್ಣು ಅತ್ತಲೇ ಹೋಗುತ್ತಿತ್ತು. ಹಾಲು ಸೀದರೆ ಮೊದಲೆಲ್ಲ ಬಚ್ಚಲದಿಂದಲೇ ಕೂಗುತ್ತಿದ್ದ ಮನುಷ್ಯ ಈಗ ಒಲೆಯ ಬಾಜು ಕುಳಿತು ಪೇಪರು ಓದುತ್ತಿದ್ದರು. ಅಂಗಿಯ ಗುಂಡಿ ಹಾಕಿಕೊಳ್ಳಲು ಕನ್ನಡಿಗೆ ಬೆನ್ನು ಮಾಡಿ ನಿಲ್ಲುತ್ತಿದ್ದರು. ರವಿವಾರ ಹುಡುಗಿಯರು ಹೇಳುವ ಕಥೆಗಳಿಗೆ ನಗುತ್ತಿದ್ದರು ನಿಜ, ಆದರೆ ನಗು ದನಿಯಲ್ಲಿರುತ್ತಿತ್ತು. ಮುಖ ಇದ್ದಲ್ಲೇ ಇರುತ್ತಿತ್ತು. ಮೂಗಿನವಳು ಊಟದಲ್ಲಿ ಅವರ ಎದುರು ಕೂರುವುದನ್ನು ಬಿಟ್ಟಳು.

ಆ ದಿನಗಳಲ್ಲೇ ಒಮ್ಮೆ ಪ್ರಶ್ನೆಯವಳು ತನ್ನ ಪ್ರಶ್ನೆಗಳನ್ನು ಅವರಿಗೆ ಕೇಳಿದಳು. ಅವರಿಬ್ಬರೂ ಪಡಸಾಲೆಯಲ್ಲಿ, ನಾನು ಒಳಗೆ ಅವರೆಕಾಯಿ ಸುಲಿಯುತ್ತಿದ್ದೆ. ನನ್ನ ಗಂಡನ ದನಿ ದೊಡ್ಡದು, ಅಡುಗೆಮನೆಗೆ ಎಲ್ಲ ಕೇಳುತ್ತಿತ್ತು. ಮಳೆ ಬಂದು ಮನೆಯೊಳಗೆ ನೀರು ನುಗ್ಗಿದರೆ ಏನು ಮಾಡುತ್ತೀರಿ ಎಂದೆಲ್ಲ ಕೇಳಿದ ಮೇಲೆ ಅವಳು ಕೇಳಿದಳು:

"ಕಾಕಾ, ಮುಂದ ನಿಮಗೊಂದು ದೊಡ್ಡ ಜಡ್ಡ ಬರೂದೈತಿ, ಪೂರಾ ಗುಣಾ ಆಗೂದಿಲ್ಲ ಅಂತ ತಿಳಕೋರಿ. ಅದನ್ನ ಈಗ ಯಾರರ ಹೇಳಾಕ ಬಂದ್ರ ಕೇಳ್ತೀರೋ, ಬ್ಯಾಡ ಅಂತೀರೋ?"

ನನ್ನ ಕೈ ನಿಂತಿತ್ತು.

"ಬ್ಯಾಡ ಅಂತ ಬರಕೊ" ಎಂದರು.

"ಯಾಕ ಅಂತ ಹೇಳ್ತೀರೇನ್ರಿ?"

"ಗೊತ್ತಾದ ದಿವಸದಿಂದ ಮನೀ ಮಂದಿ ನನ್ನ ಮಾರಿ ನೋಡೂ ಕಣ್ಣ ಬ್ಯಾರೆ ಆಗತಾವ. ಅದ ಬ್ಯಾಡ ನನಗ."

ಮರುದಿನ ಶಾಲೆಯಿಂದ ಬಂದವಳು ಮೂಗಿನವಳನ್ನು ಮಾಳಿಗೆಯ ಮೆಟ್ಟಿಲ ಮೇಲೆ ನಿಲ್ಲಿಸಿದೆ. "ತಂಗಿ, ನನ್ನ ಮಾರಿ ನೋಡಿ ಹೇಳು. ಅವರಿಗೆ ಏನಾಗೇತಿ?"

ಅವಳು ಮೆಟ್ಟಿಲ ಕಂಬಿ ಹಿಡಿದುಕೊಂಡಳು. "ಕಾಕೂ, ವಾಸನಿ ಹೋಗಾಕ ನೂರು ಕಾರಣ ಇರ್ತಾವ್ರಿ. ಹೊಗಿಯಿಂದಾನೂ ಹೋಗತೈತಿ, ವಯಸ್ಸಾದ್ರೂ ಹೋಗತೈತಿ. ಆದ್ರ ಕೈಯಿ ಬೀಸೂದಿಲ್ಲಲ್ರಿ... ನಮ್ಮ ಸರ್‌ಗೆ ಹೇಳೇನಿ. ನರದ ಡಾಕ್ಟರ್‌ಗೆ ತೋರಸ್ರಿ ಅಂದಾರ. ಕಾಕಾಗೆ ನಾನ ಹೇಳಬೇಕಂತ ಮಾಡಿದ್ದೆ, ಧೈರ್ಯ ಆಗವಲ್ದು."

ಯಾವ ಕಾಯಿಲೆ ಎಂದು ಕೇಳಿದೆ. ಹೇಳಲೋ ಬೇಡವೋ ಎನ್ನುತ್ತ ಪಾರ್ಕಿನ್ಸನ್ ಎಂದಳು, ಕೈ ನಡುಗುತ್ತದಲ್ಲ ಅದು. "ಅವರ ಕೈ ನಡುಗಂಗಿಲ್ಲಲಾ" ಎಂದೆ. "ಎಲ್ಲಾರಿಗೂ ಮೊದಲ ನಡುಗಂಗಿಲ್ರಿ" ಎಂದಳು.

ಅವರು ಬೇಡವೆಂದದ್ದು ನನ್ನ ಕಿವಿಯಲ್ಲಿತ್ತು. ಸ್ವಲ್ಪ ತಡಿ, ನಾನೇ ಹೇಳುತ್ತೇನೆ ಎಂದು ಅವಳಿಗೆ ಹೇಳಿದೆ. ಹೇಳಲು ಬಾಯಿ ತೆರೆದಾಗಲೆಲ್ಲ ಅವರು ಬೇರೆ ಮಾತು ತೆಗೆಯುತ್ತಿದ್ದರು.

ಅಷ್ಟರಲ್ಲಿ ಬಾವಲಿಯವಳಿಗೆ ಸಹಾಯಕರು ಕೈಕೊಟ್ಟರು. ಸಂಜೆ ಹೊರಬೀಳುವ ಬಾವಲಿಗಳನ್ನು ಗುಹೆಯ ಬಾಯಲ್ಲಿ ನಿಂತು ಎಣಿಸಲು ಇಬ್ಬರು ಬೇಕಾಗಿತ್ತು. ನನ್ನ ಗಂಡ ತಾವೇ ಹೊರಟರು, ನನ್ನನ್ನೂ ಹೊರಡಿಸಿದರು. ಖಾನಾಪುರದವರೆಗೆ ರೈಲು, ಅಲ್ಲಿಂದ ಅವಳ ಬಾಡಿಗೆ ಜೀಪು. ಕಾಡಿನೊಳಗೆ ಇಳಿದು ಸೂರ್ಯ ಮುಳುಗುವ ಮುಂಚೆ ಬಂಡೆಯ ಮೇಲೆ ಕುಳಿತು ಚಪಾತಿ, ಶೇಂಗಾ ಚಟ್ನಿ ತಿಂದೆವು. ಅವರು ತುತ್ತನ್ನು ಎಡಗೈಯಿಂದ ಹಿಡಿದದ್ದನ್ನು ಕಂಡೆ. ನಾನು ಕಂಡದ್ದನ್ನು ಅವರೂ ಕಂಡರು.

ಗುಹೆಯ ಬಾಯಿ ದೊಡ್ಡದೇನಲ್ಲ. ಬೆಳಕು ಇಳಿಯುತ್ತಿದ್ದಂತೆ ಹಕ್ಕಿಗಳ ಸದ್ದು ಒಂದೊಂದೇ ನಿಂತಿತು. ಒಳಗಿನಿಂದ ಒದ್ದೆ ಬಟ್ಟೆ ಝಾಡಿಸಿದಂಥ ಶಬ್ದ, ಮೊದಲು ಒಂದು ಕಡೆ, ಆಮೇಲೆ ಎಲ್ಲ ಕಡೆ. ಬಾವಲಿಗಳು ಹೊರಬಿದ್ದವು. ಅವುಗಳ ಜೊತೆಗೆ ಗುಹೆಯ ಗಾಳಿಯೂ ಹೊರಬಿತ್ತು. ಕೊಳೆತ ಗೋಣಿಚೀಲ, ಸತ್ತ ಹುಳು, ಹುಳಿಬಂದ ಹಿಟ್ಟು ಎಲ್ಲ ಒಟ್ಟಾದಂಥ ನಾತ. ಹುಡುಗಿ ಮೊದಲೇ ಮೂಗಿಗೆ ಬಟ್ಟೆ ಕಟ್ಟಿಕೊಂಡಿದ್ದಳು. ನಾನು ಸೆರಗನ್ನು ಮೂಗಿಗೆ ಒತ್ತಿ ಹಿಡಿದೆ.

ನನ್ನ ಗಂಡ ನಮಗಿಂತ ಮುಂದೆ, ಗುಹೆಯ ಬಾಯಿಗೆ ತೀರ ಹತ್ತಿರ ನಿಂತಿದ್ದರು. ಮುಖ ಮೇಲೆತ್ತಿ, ಬಾಯಿ ಅರೆ ತೆರೆದು, ಎದೆ ತುಂಬ ಉಸಿರು ಎಳೆದುಕೊಳ್ಳುತ್ತಿದ್ದರು, ಬೆಳಗಿನ ಗಾಳಿ ಕುಡಿಯುವವರ ಹಾಗೆ. ತಲೆಯ ಮೇಲೆ ಕಪ್ಪಗೆ ಹೊಳೆ ಹರಿದಂತೆ ಬಾವಲಿಗಳು ಹೋಗುತ್ತಿದ್ದವು. ಎಣಿಸುವುದು ಮರೆತು ನಾನು ಅವರನ್ನೇ ನೋಡುತ್ತ ನಿಂತೆ. ಆಗ ಅವರು ತಿರುಗಿದರು. ಅವಳ ಮುಖದ ಬಟ್ಟೆ ನೋಡಿದರು. ನನ್ನ ಸೆರಗು ನೋಡಿದರು. ಬಲಗೈ ಕಿಸೆಗೆ ಹೋಗಲು ಹೊರಟು ನಡುವೆ ನಿಂತಿತು. ಎಡಗೈಯಿಂದ ಕರವಸ್ತ್ರ ತೆಗೆದು, ಬಿಚ್ಚಿ, ನಿಧಾನವಾಗಿ ಮೂಗಿಗೆ ಹಿಡಿದರು.

"ಥೂ, ಏನ ನಾತ" ಎಂದರು.

ಮೂವತ್ತು ವರ್ಷದ ಸಂಸಾರದಲ್ಲಿ ಅವರನ್ನು ನೋಡಿ ನನಗೆ ಹೆದರಿಕೆಯಾದದ್ದು ಅದೇ ಮೊದಲು. ಈ ಮನುಷ್ಯ ಎಷ್ಟು ದಿನದಿಂದ ನಮ್ಮ ಮುಖ ನೋಡಿ ತನ್ನ ಮುಖ ಮಾಡಿಕೊಳ್ಳುತ್ತಿದ್ದಾನೆ ಎಂದು ಯೋಚಿಸುತ್ತ ಜೀಪಿನಲ್ಲಿ ಕುಳಿತೆ.

ಹುಡುಗಿ ಖಾನಾಪುರದಲ್ಲೇ ಉಳಿದಳು. ನಾವಿಬ್ಬರೇ ಸ್ಟೇಷನ್ನಿನ ಬೆಂಚಿನ ಮೇಲೆ ಬೆಳಗಾವಿಯ ರೈಲಿಗೆ ಕಾಯುತ್ತಿದ್ದೆವು. ಅವರ ಬಲಗೈಯನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡೆ. ಬೆರಳುಗಳು ಬಿಗಿಯಾಗಿದ್ದವು.

"ಎಷ್ಟ ದಿವಸಾತ್ರಿ?" ಎಂದೆ.

ಹಳಿಯ ಕಡೆ ನೋಡುತ್ತ ಕುಳಿತರು. "ಕಾರ್ಖಾನ್ಯಾಗ ಕಟ್ಟಿಗಿಪುಡಿ ಶೆಡ್ ಐತಲಾ, ಒಮ್ಮೆ ಅದರೊಳಗ ಒಳಗಿಂದೊಳಗ ಬೆಂಕಿ ಹೊತ್ತಿತ್ತು. ನಾ ಅದರ ಬಾಜೂಕ ಕುಂತು ಹಿಸೇಬು ನೋಡಾಕತ್ತಿದ್ದೆ. ಅಂಗಳದಾಗಿದ್ದೋರಿಗೆಲ್ಲ ಸುಟ್ಟ ವಾಸನಿ ಬಂದೈತಿ, ನನಗ ಬಂದಿಲ್ಲ. ಒಬ್ಬಾಂವ ಓಡಿ ಬಂದು ರಟ್ಟಿ ಹಿಡದ ಎಳದ. ಎಳದ ಮ್ಯಾಲೆ ಶೆಡ್ ಭಗ್ ಅಂತು."

"ನನಗ ಹೇಳಲಿಲ್ಲಲ್ರಿ."

"ಮೂಗ ಹೋಗೇತಿ, ಹೋಗ್ಲಿ ಅಂದೆ. ಆಮ್ಯಾಲೆ ಕೈ. ಮೂಗಿನ ಹುಡಿಗಿ ನನ್ನ ನಡಸಿದಾಗ ಅಕಿ ಮಾರಿ ನೋಡೇ ತಿಳೀತು, ಎರಡೂ ಒಂದ ದಾರಿ ಅಂತ."

"ಬ್ಯಾಡ ಅಂತ ಬರಕೊ ಅಂದ್ರಿ. ಒಳಗ ಕೇಳಿದೆ ನಾ."

"ನೀ ಕೇಳಲಿ ಅಂತನ ದೊಡ್ಡದಾಗಿ ಅಂದೆ. ನನಗ ತಿಳಿಯೂದು ಬ್ಯಾಡ ಅಂತಲ್ಲ. ನಿನಗ ತಿಳಿಯೂದು ಬ್ಯಾಡ ಅಂತ."

ರೈಲು ಬರುವ ತನಕ ಅವರ ಬಲಗೈಯನ್ನು ಬಿಡಲಿಲ್ಲ.

ನರದ ಡಾಕ್ಟರು ಬಹಳ ಹೊತ್ತು ನೋಡಿದರು. ಅದೇ ಕಾಯಿಲೆ ಎಂದೂ ಹೇಳಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ. ಗುಳಿಗೆ ಶುರುವಾದವು, ಕೈ ಸ್ವಲ್ಪ ಸಡಿಲಾಯಿತು. ಗುಳಿಗೆಗೆ ಸಡಿಲಾದದ್ದೇ ಕಾಯಿಲೆ ಅದೇ ಇರಬೇಕೆಂಬುದಕ್ಕೆ ಗುರುತು ಎಂದು ಆಮೇಲೆ ತಿಳಿಯಿತು. ನಾನು ಖುಷಿಪಟ್ಟ ದಿನವೇ ಡಾಕ್ಟರು ಖಾತ್ರಿ ಮಾಡಿಕೊಂಡಿದ್ದರು. ಕಾರ್ಖಾನೆಯಲ್ಲಿ ಅವರನ್ನು ಭಟ್ಟಿಯಿಂದ ಅಂಗಳಕ್ಕೆ, ಹೆಂಚು ಲಾರಿಗೆ ತುಂಬಿಸುವ ಕೆಲಸ ನೋಡಿಕೊಳ್ಳಲು ಹಾಕಿದರು.

ಮೂಗಿನವಳು ಒಂದು ದಿನ ಕೆಳಗೆ ಬಂದು ತಲೆ ತಗ್ಗಿಸಿ ನಿಂತಳು. "ಕಾಕಾರನ್ನ ಆರೋಗ್ಯವಂತರ ಗುಂಪಿನಿಂದ ತಗೀಬೇಕಾಗೇತ್ರಿ ಕಾಕೂ" ಎಂದಳು. ಮತ್ತೆ ನಾನು? ಎಂದು ಕೇಳಿದೆ. "ನೀವು ಅದರಾಗ ಇರ್ತೀರಿ" ಎಂದಳು. ಕೆಟ್ಟದ್ದನ್ನು ಹೇಳಬೇಕೆಂದು ಹೇಳಿದ್ದಲ್ಲ, ಅವಳ ಕೆಲಸದ ಮಾತು. ಆದರೂ ಅವತ್ತು ಒಂದೇ ತಾಟಿನಲ್ಲಿ ಉಂಡ ಹಾಗಿದ್ದ ನಮ್ಮ ಸಂಸಾರದ ನಡುವೆ ಯಾರೋ ಗೆರೆ ಎಳೆದರು ಎನಿಸಿತು. ನನ್ನ ಗಂಡ ಪ್ರಶ್ನೆಯವಳನ್ನು ಕರೆದು, ಬೇಡವೆಂದಿದ್ದ ತಮ್ಮ ಉತ್ತರವನ್ನು ತಿದ್ದಿಕೋ ಎಂದರು. ಅವಳು ಮಾತ್ರ, "ಆವತ್ತಿಂದು ಆವತ್ತಿಗೇರಿ ಕಾಕಾ, ತಿದ್ದಾಕ ಬರೂದಿಲ್ಲ" ಎಂದಳು.

ಓದು ಮುಗಿಸಿ ಮೂವರೂ ಒಬ್ಬೊಬ್ಬರಾಗಿ ಹೋದರು. ಫೋನ್ ಮಾಡುತ್ತಾರೆ. ಬಾವಲಿಯವಳ ಗುಹೆಯಲ್ಲಿ ಹೊರಬೀಳುವ ಬಾವಲಿಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಂತೆ. ಯಾಕೆ ಎಂದು ಅವಳಿಗೂ ಗೊತ್ತಿಲ್ಲ.

ಕಳೆದ ಸಲ ತೋರಿಸಲು ಹೋದಾಗ ಡಾಕ್ಟರು ಎಂದಿನಂತೆ, ಬಲಗೈ ಎತ್ತಿ ಹೆಬ್ಬೆರಳಿಗೆ ತೋರುಬೆರಳನ್ನು ಬೇಗ ಬೇಗ ಬಡಿಯಲು ಹೇಳಿದರು. ನಾನು ಕಿಟಕಿಯ ಕಡೆ ತಿರುಗಿದೆ. ಹೊರಗೆ ಯಾರೋ ರಿಕ್ಷಾದಿಂದ ಮುದುಕಿಯೊಬ್ಬಳನ್ನು ಇಳಿಸುತ್ತಿದ್ದರು.

"ಅತ್ತಾಗ ಯಾಕ ನೋಡ್ತಿ? ಇತ್ತ ನೋಡು" ಎಂದರು ನನ್ನ ಗಂಡ. "ಖರೇ ಹೇಳು, ಹೆಂಗ ಕಾಣತೈತಿ?"

ನೋಡಿದೆ. ಮೊದಲು ಬೆರಳುಗಳು ಅಗಲವಾಗಿ ತೆರೆದವು. ಆಮೇಲೆ ಆ ಸಂದು ಕಿರಿದಾಗುತ್ತ, ಕಿರಿದಾಗುತ್ತ, ಎರಡೂ ಬೆರಳು ಅಂಟಿಕೊಂಡಂತೆ ನಿಂತವು. ಈಗ ಎಡಗೈ ಕೂಡ ಎಂದರು ಡಾಕ್ಟರು. ಎಡಗೈಯ ಬೆರಳುಗಳೂ ಕೊನೆಗೆ ಹಾಗೇ ಮಾಡಿದವು.

"ಸಂದು ಸಣ್ಣ ಆಗಾಕತ್ತೈತ್ರಿ" ಎಂದೆ. "ಎಡಗೈನೂ."

"ಹೂಂ" ಎಂದು ಅವರು, ಡಾಕ್ಟರು ಹೇಳುವ ಮುಂಚೆಯೇ, ಮತ್ತೆ ಕೈ ಎತ್ತಿದರು.