ಒಂದೂ ಬಿಡಬ್ಯಾಡ್ರಿ

ಎಪ್ಪತ್ತರ ದಶಕದಲ್ಲಿ ನಾನು ಟಿಕೋಟಾದಲ್ಲಿ ಸಾಲಿ ಮಾಸ್ತರನಾಗಿದ್ದೆ. ನಮ್ಮ ಓಣಿಯ, ದೂರದ ಗಡಿಯಲ್ಲಿದ್ದ ಫೌಜಿಯ ಹೆಂಡತಿಗೆ ಓದುಬರಹ ಬಾರದ್ದರಿಂದ ಆಕೆಯ ಆಸ್ಥಾನ ಪತ್ರಲೇಖಕನೂ ನಾನೇ. ತಿಂಗಳಿಗೊಮ್ಮೆ ಬಬಲೇಶ್ವರದ ಸಂತೆಯಿಂದ ಬಂದವಳೇ ಬುಟ್ಟಿ ಇಳಿಸಿ, ಇನ್‌ಲ್ಯಾಂಡ್ ಪತ್ರ ನನ್ನ ಮುಂದಿಟ್ಟು, ನಿಂತೇ ಗಂಡನನ್ನು ಬೈಯತೊಡಗುತ್ತಿದ್ದಳು.

“ಮಗಳಿಗಿ ಹಲ್ಲು ಬಂದು ಬಿದ್ದೂ ಹೋದ್ವು. ಮನಿ ಹಾದಿ ಮರ್ತೀರೇನು? ಹೂಂ, ಬರೀರಿ ಮಾಸ್ತರ್ರ, ಒಂದೂ ಬಿಡಬ್ಯಾಡ್ರಿ.”

ಬಹುವಚನ ಕೆಡದ ಆ ಬೈಗುಳಗಳನ್ನು ಶಾಸನ ಕೆತ್ತುವವನ ಗಾಂಭೀರ್ಯದಿಂದ ಬರೆದೆ, ಒಂದನ್ನೂ ಬಿಡಲಿಲ್ಲ. ಗಂಡನಿಗೂ ಅವು ಬೇಕಿದ್ದವು. ‘ಈ ಸಲ ಬೈಗಳ ಕಡಿಮಿ ಅದಾವ, ಆರಾಮ ಅದಿ ಇಲ್ಲೊ?’ ಎಂದು ಉತ್ತರ ಬರುತ್ತಿತ್ತು. ಓದಿ ಹೇಳಿದರೆ ಗೋಡೆಯ ಕಡೆ ತಿರುಗಿ ನಗುತ್ತಿದ್ದಳು.

ಒಮ್ಮೆ ಆತ ಬರುತ್ತೇನೆಂದ ರಜೆಗೆ ಬರಲಿಲ್ಲ.

“ಬರಬ್ಯಾಡ್ರಿ, ಅಲ್ಲೇ ಸಾಯ್ರಿ. ಬರೀರಿ ಮಾಸ್ತರ್ರ,” ಎಂದಳು. ಬರೆದೆ.

ಮೂರು ವಾರಕ್ಕೆ ಆತ ಇನ್ನಿಲ್ಲವೆಂದು ತಂತಿ ಬಂತು, ಆಮೇಲೆ ಆತನ ಟ್ರಂಕು. ಅದರಲ್ಲಿ ಆಕೆಯ ಪತ್ರಗಳನ್ನೆಲ್ಲ ಜೋಡಿಸಿ ಕಟ್ಟಿದ್ದ. ಎಲ್ಲಕ್ಕಿಂತ ಮೇಲಿದ್ದ ಆ ಕೊನೆಯ ಪತ್ರವನ್ನು ಹಿಡಿದು ಬಂದಳು. ಅಂದು ಮೊದಲ ಸಲ ಕೂತಳು.

“ಓದ್ರಿ. ಒಂದೂ ಬಿಡಬ್ಯಾಡ್ರಿ.”

ಓದಿದೆ. ಆ ಒಂದನ್ನು ಬಿಟ್ಟೆ.

“ಸಾಯ್ರಿ ಅಂದಿದ್ನಲ್ರಿ?”

“ಅದನ್ನ ಬರದಿಲ್ಲವ್ವಾ. ಹಾಳ್ಯಾಗ ಜಾಗಾ ಸಾಲಲಿಲ್ಲ.”

ಆಕೆ ಪತ್ರ ತೆಗೆದುಕೊಂಡಳು. ಕೊನೆಯ ಸಾಲಿನ ಕೆಳಗೆ ಮೂರು ಬೆರಳಗಲ ಖಾಲಿ ಇತ್ತು. ಅದನ್ನು ಅಂಗೈಯಿಂದ ಮುಚ್ಚಿದಳು.

“ಹೌದ್ರಿ,” ಎಂದಳು. “ಹಾಳಿ ಭಾಳ ಸಣ್ಣದೈತಿ.”