ಹುಳದ ಪಾಲಿನ ಬೀಜ

ಆ ಬರದ ವರ್ಷ ನಾನೂ ಅವ್ವನೂ ಊರಲ್ಲಿ ಉಳಿದದ್ದು ಎಮ್ಮೆಯ ದೆಸೆಯಿಂದ. ಅಪ್ಪ ಆಗಲೇ ಕಟ್ಟಡದ ಕೆಲಸಕ್ಕೆ ಹೈದರಾಬಾದಿಗೆ ಹೋಗಿದ್ದ. ಡಾಬಕಾದಲ್ಲಿ ನಮ್ಮ ಓಣಿಯ ಅರ್ಧ ಮನೆಗಳಿಗೆ ಬೀಗ ಬಿದ್ದಿತ್ತು. ಎಮ್ಮೆ ಹಾಲು ಕೊಡುತ್ತಿರುವವರೆಗೆ ನನ್ನ ಶಾಲೆ ಬಿಡಿಸುವುದಿಲ್ಲ ಎಂದು ಅವ್ವ ಹೇಳಿದ್ದಳು.

ಕಾಯಿಗೆ ಹುಳ ಬೀಳುವುದಿಲ್ಲ ಎನ್ನುತ್ತಿದ್ದ ಬಿಟಿ ಹತ್ತಿ ಆಗ ಹೊಸದು. ಬೀಜದ ಡಬ್ಬಿಯಲ್ಲಿ ಒಂದು ಸಣ್ಣ ಪಾಕೀಟು ಬೇರೆ ಇರುತ್ತಿತ್ತು. ಅದರಲ್ಲಿ ಬಿಟಿ ಅಲ್ಲದ ಮಾಮೂಲಿ ಬೀಜ. ಅದನ್ನು ಹೊಲದ ಅಂಚಿಗೆ ಬಿತ್ತಬೇಕಂತೆ. ಹುಳಕ್ಕೂ ಒಂದಿಷ್ಟು ಪಾಲಿದ್ದರೆ ಅದು ಬಿಟಿಗೆ ಒಗ್ಗಿಕೊಳ್ಳುವುದಿಲ್ಲವಂತೆ. ಊರವರು ನಕ್ಕರು.

"ಹುಳಕ್ಕಂತ ಯಾರಾರ ಹೊಲ ಬಿತ್ತತಾರೇನ್ರಿ?"

ಪಾಕೀಟುಗಳು ಗೋಡೆಯ ಮಾಡದಲ್ಲೇ ಉಳಿದವು.

ಮೇವು ಮುಗಿದಾಗ ಅವ್ವನಿಗೆ ಅವು ನೆನಪಾದವು. ಹಿಂಡುವ ಎಮ್ಮೆಗೆ ಹತ್ತಿಕಾಳು ನೆನೆಸಿಡುವುದು ನಮ್ಮಲ್ಲಿ ಹಿಂದಿನಿಂದ ಬಂದ ರೂಢಿ. ಮನೆಮನೆಗೆ ಹೋಗಿ ಪಾಕೀಟು ಕೇಳಿ ತಂದಳು. ಬೀಜಕ್ಕೆ ಕೆಂಪು ಬಣ್ಣ ಹಚ್ಚಿದ್ದರು. ನೀರು ತಿಳಿಯಾಗುವವರೆಗೆ ತೊಳೆದಳು. "ಇದು ಬಿಟಿ ಅಲ್ಲ, ನಮ್ ಹಳೀ ಕಾಳೇ ಅದ" ಎಂದಳು.

ಎಮ್ಮೆ ಆಸೆಯಿಂದ ತಿಂದಿತು. ಮಧ್ಯಾಹ್ನ ಜೊಲ್ಲು ಸುರಿಸುತ್ತ ನಡುಗಿತು, ಬಿತ್ತು. ಔರಾದಿನಿಂದ ದನದ ಡಾಕ್ಟರು ಬರುವಷ್ಟರಲ್ಲಿ ಸತ್ತಿತ್ತು.

"ಬೀಜಕ್ಕ ಹಚ್ಚಿದ್ ಔಷಧರಿ ಅದು. ಬಿತ್ಲಾಕ ಅಷ್ಟೇ, ತಿನ್ಸಾಕ ಅಲ್ಲ" ಎಂದರು ಡಾಕ್ಟರು.

"ತೊಳದೀನ್ರಿ" ಎಂದಳು ಅವ್ವ. ಅವಳ ಬೆರಳು ಇನ್ನೂ ಕೆಂಪಗಿದ್ದವು.

ನನಗೆ ಅಳು ಬರಲಿಲ್ಲ. ಏನೂ ಅನಿಸಲಿಲ್ಲ. ಈಗ ನೆನೆಸಿಕೊಂಡರೆ ಹಾಗೆ ಏನೂ ಅನಿಸದಿದ್ದದ್ದಕ್ಕೇ ಹೆದರಿಕೆಯಾಗುತ್ತದೆ. ಓಣಿಯವರು ಇವತ್ತಿಗೂ ಬಿಟಿಯೇ ಕೊಂದಿತು ಎನ್ನುತ್ತಾರೆ, ನಾನು ತಿದ್ದಲು ಹೋಗುವುದಿಲ್ಲ. ಕೆಲವು ವರ್ಷಗಳಲ್ಲಿ ಬಿಟಿ ಕಾಯಿಯೊಳಗೂ ಹುಳ ಬಿತ್ತು. ಅಂಚಿಗೆ ಆ ಬೀಜ ಬಿತ್ತಬೇಕಿತ್ತು ಎಂದು ಆಮೇಲೆ ಎಲ್ಲರೂ ಹೇಳಿದರು.

ಎಮ್ಮೆ ಹೂತ ವಾರದಲ್ಲಿ ನಾವೂ ಮನೆಗೆ ಬೀಗ ಹಾಕಿ ಬೀದರಿನಲ್ಲಿ ಹೈದರಾಬಾದಿನ ಬಸ್ಸು ಹತ್ತಿದೆವು. ನನ್ನ ಶಾಲೆಯ ಚೀಲ ಮನೆಯೊಳಗಿನ ಗೂಟಕ್ಕೇ ನೇತಾಡುತ್ತಿತ್ತು.

ಅಪ್ಪನಿದ್ದ ಕೂಲಿಯವರ ತಗಡಿನ ಶೆಡ್ಡಿನಲ್ಲಿ ಮೊದಲ ದಿನ ಅವ್ವ ಅಕ್ಕಿ ತೊಳೆಯಲು ಕೂತಳು. ನೀರು ತಿಳಿಯಾದ ಮೇಲೂ ತೊಳೆಯುತ್ತಲೇ ಇದ್ದಳು. ಸಾಕು ಬಿಡು ಎಂದು ಅಪ್ಪ ರೇಗಿದ. ಅನ್ನ ಬಡಿಸಿದಾಗ ನಾನು ತುತ್ತು ಎತ್ತಿದೆ. ಅವ್ವ ಕೈ ಹಿಡಿದಳು.

"ತಡಿ, ಮೊದ್ಲ ನಾ ಉಂಡು ನೋಡ್ತೇನಿ."