ತೊಟ್ಟಿಯಲ್ಲಿ ಹೊಸಬರು
ಶಿಕಾರಿಪುರದಲ್ಲಿ ವಾಚ್ ರಿಪೇರಿ ಮಾಡುವ ಮುನೀರ್ ಅಹ್ಮದರ ಅಂಗಡಿಗೆ ಹೋದವರು ಮೊದಲು ಅವರ ಉಪ್ಪುನೀರಿನ ಗಾಜಿನ ತೊಟ್ಟಿಯೊಳಗೆ ಇಣುಕಲೇಬೇಕು. ಅದರಲ್ಲಿ ಹವಳವಿದೆ, ಸಮುದ್ರದ ಕಲ್ಲುಗಳಿವೆ. ಆ ಕಲ್ಲಿನ ತೂತುಗಳಲ್ಲಿ ಅಡಗಿ ಬಂದ ಹುಳಹುಪ್ಪಟೆಗಳ ಹೆಸರು ಪತ್ತೆಹಚ್ಚುವುದೇ ಸಾಹೇಬರ ಚಟ. ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು, “ಸ್ವಲ್ಪ ತಡೀರಿ, ಹೊಸಬರು ಬಂದಾರೆ,” ಎಂದರೆ ಮುಗಿಯಿತು, ಗಿರಾಕಿಯ ವಾಚು ನಿಂತೇ ಇರುತ್ತದೆ. ಫೋಟೋ ತೆಗೆದು ಹವಳ ಸಾಕುವವರ ವಾಟ್ಸಾಪ್ ಗುಂಪಿಗೆ ಕಳಿಸಿದರೆ, ಹೆಸರು ಬರುವವರೆಗೆ ಊಟಕ್ಕೂ ಏಳುವುದಿಲ್ಲ. ಅಪರೂಪದ ಬಸವನಹುಳು ಎಂದು ಒಮ್ಮೆ ಬೀದಿಗೆಲ್ಲ ತೋರಿಸಿದ್ದು ಕೊನೆಗೆ ಮೀನಿನ ಹಿಕ್ಕೆಯಾಗಿತ್ತು. ಮೊನ್ನೆ ಯಾರೋ ಹವಳವನ್ನು ಕಿತ್ತು ತಿನ್ನತೊಡಗಿದರು. ಹುಡುಕಿದರೆ, ಕಾಲೆಲ್ಲ ಕೂದಲಿದ್ದ ಪುಟ್ಟ ಏಡಿ! “ಇದು ಹವಳ ತಿನ್ನೋ ಜಾತಿ, ಕೂಡಲೇ ಕೊಂದುಬಿಡಿ,” ಎಂದು ಗುಂಪಿನಿಂದ ಉತ್ತರ ಬಂತು. ಸಾಹೇಬರು ಏಡಿಯನ್ನು ಹಿಡಿದರು, ಆದರೆ ಕೊಲ್ಲದೆ, ಹೆಂಡತಿ ಅಫ್ಸರ್ ಬೇಗಂ ಉಪ್ಪಿನಕಾಯಿಗೆಂದು ತೊಳೆದಿಟ್ಟಿದ್ದ ಗಾಜಿನ ಭರಣಿಗೆ ಉಪ್ಪುನೀರು ತುಂಬಿ ಅದರೊಳಗೆ ಬಿಟ್ಟರು. “ಕಳ್ಳನಿಗೆ ಬೇರೆ ಮನೆ ಒಂದು ಕೇಡೇನ್ರೀ?” ಎಂದು ಬೇಗಂ ರೇಗಿದರು. “ಅದು ತಾನಾಗಿ ಬಂದಿದ್ದಲ್ಲ. ಕಲ್ಲಿನ ಜೊತೆ ನಾನೇ ತರಿಸಿದ್ದು. ಈ ಊರಲ್ಲಿ ಅದಕ್ಕೆ ಸಮುದ್ರ ಎಲ್ಲಿಂದ ತರ್ಲಿ?” ಎಂದರು ಸಾಹೇಬರು. ಸಂಜೆ ನಾನು ನನ್ನ ವಾಚು ಕೇಳಲು ಹೋದಾಗ, ಬೇಗಂ ಸಾರಿಗೆ ತಂದ ಸಿಗಡಿಯಲ್ಲಿ ಒಂದನ್ನು ಸಣ್ಣಗೆ ಚೂರು ಮಾಡಿ ಭರಣಿಗೆ ಹಾಕುತ್ತಿದ್ದರು.